ಕ್ಲೈಮ್ಯಾಕ್ಸ್ ಕೇಳದ ನಿರ್ಮಾಪಕ

ಯಾರಾದರೂ ನನ್ನನ್ನು ಹೊಗಳಿದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮೊದಲು ಯೋಚಿಸುತ್ತೇನೆ. ತನಿಖಾ ವರದಿಗಾರ್ತಿಯ ಬುದ್ಧಿ ಅದು. ಮನೆಯಲ್ಲಿ ಅದಕ್ಕೆ ಅನುಮಾನದ ಕಾಯಿಲೆ ಅನ್ನುತ್ತಾರೆ. ಡಾಟ್‌ಕಾಮ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಆ ವರ್ಷಗಳಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುತ್ತಿದ್ದರು. ನಾನು ಮಾತ್ರ ಮೈಯೆಲ್ಲ ಕಣ್ಣಾಗಿ ಓಡಾಡುತ್ತಿದ್ದೆ.

ಆಗ ಮೌಂಟನ್ ವ್ಯೂನ ಒಂದು ಕಂಪನಿಯ ಬೆನ್ನು ಹತ್ತಿದ್ದೆ. ಗಿರಾಕಿಗಳ ಪ್ರಶ್ನೆಗೆ ತಮ್ಮ ಕಂಪ್ಯೂಟರೇ ಯೋಚಿಸಿ ಉತ್ತರ ಕೊಡುತ್ತದೆ ಎಂದು ಅವರು ಸಾರುತ್ತಿದ್ದರು. ಹಾಗೇನೂ ಇಲ್ಲ, ಹಿಂದಿನ ಕೋಣೆಯಲ್ಲಿ ಜನ ಕೂತು ಟೈಪ್ ಮಾಡುತ್ತಾರೆ ಎಂದು ನನಗೆ ಹೇಳಿದವಳು ಅಲ್ಲೇ ಇಂಜಿನಿಯರ್ ಆಗಿದ್ದ ಹಾಸನದ ಹುಡುಗಿ. ಕನ್ನಡ ಸಂಘದ ಹಬ್ಬದೂಟಕ್ಕೆ ತರಕಾರಿ ಹೆಚ್ಚುವಾಗ ಪರಿಚಯವಾದವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಹೇಳಿದ್ದು ಅವಳೆಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು, ಅದರ ಜೊತೆ ವೀಸಾ ಕೂಡ. ಆದ್ದರಿಂದ ನಾವು ಮಾತಾಡುತ್ತಿದ್ದದ್ದು ನನ್ನ ಅಡುಗೆಮನೆಯಲ್ಲಿ ಮಾತ್ರ.

ವಿವರಣೆ ಕೇಳಿ ಕಂಪನಿಗೆ ಫೋನ್ ಮಾಡಿದೆ. ಅವರು ಉತ್ತರ ಕೊಡಲಿಲ್ಲ. ಅದೇ ವಾರ ಒಬ್ಬ ಸಿನಿಮಾ ನಿರ್ಮಾಪಕ ನನಗೆ ಫೋನ್ ಮಾಡಿದ. ನಾನು ಬರೆದಿದ್ದ ಕಿರುಚಿತ್ರ ನೋಡಿದ್ದನಂತೆ. ಡಾಟ್‌ಕಾಮ್ ಮೋಸವನ್ನು ಬಯಲಿಗೆಳೆಯುವ ವರದಿಗಾರ್ತಿಯ ಚಿತ್ರಕಥೆ ಬೇಕಂತೆ. ನನ್ನ ಸಂಭಾಷಣೆ ಅದ್ಭುತ ಅಂದ. ಅವತ್ತು ನನ್ನ ಕಾಯಿಲೆ ಎಲ್ಲಿ ಹೋಗಿತ್ತೋ, ಉಬ್ಬಿಹೋದೆ.

ಕರಡು ಓದಿದ ಆತ ನಾಯಕಿಯ ತಾಯಿಯ ಬಗ್ಗೆ ಕೇಳಲಿಲ್ಲ, ಪ್ರೇಮದ ಬಗ್ಗೆ ಕೇಳಲಿಲ್ಲ. ಅವಳಿಗೆ ಸುದ್ದಿ ಕೊಡುವವರು ಯಾರು, ಯಾವ ವಿಭಾಗದವರು, ಎಲ್ಲಿ ಭೇಟಿಯಾಗುತ್ತಾರೆ? ಆ ದೃಶ್ಯ ಇನ್ನೂ ನಿಜ ಅನ್ನಿಸಬೇಕು ಎನ್ನುತ್ತಿದ್ದ. ಮುಂದಿನ ಭೇಟಿಯಲ್ಲೂ ಅದೇ ರಾಗ. ಚಿತ್ರಕಥೆ ಬರೆಯುವವರಿಗೆಲ್ಲ ಗೊತ್ತು, ನಿರ್ಮಾಪಕನಾದವನು ಮೊದಲು ಕೈ ಹಾಕುವುದೇ ಕ್ಲೈಮ್ಯಾಕ್ಸಿಗೆ. ಈ ಮಹಾಶಯ ಕಥೆ ಹೇಗೆ ಮುಗಿಯುತ್ತದೆಂದು ಕೂಡ ಕೇಳಿರಲಿಲ್ಲ. ಫ್ರೀವೇಯಲ್ಲಿ ಮನೆಗೆ ಬರುವಾಗ ಹೊಳೆಯಿತು: ಇವನಿಗೆ ಬೇಕಾಗಿರುವುದು ಸಿನಿಮಾ ಅಲ್ಲ, ನನಗೆ ಸುದ್ದಿ ಕೊಟ್ಟವರ ಹೆಸರು.

ಅವನಿಗೆ ಬೇಕಾದ ದೃಶ್ಯವನ್ನೇ ಬರೆದುಕೊಟ್ಟೆ. ಪ್ಲೆಸೆಂಟನ್‌ನಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಒಂದು ಲಾಂಡ್ರಿ, ಮೆಷಿನ್ನುಗಳ ಗದ್ದಲದಲ್ಲಿ ಪಿಸುಮಾತು. ನಾನಾಗಲಿ ಆ ಹಾಸನದ ಹುಡುಗಿಯಾಗಲಿ ಯಾವತ್ತೂ ಕಾಲಿಡದ ಜಾಗ.

ಸ್ವಲ್ಪ ದಿನಕ್ಕೆ ಆ ಹುಡುಗಿ ನಗುತ್ತಲೇ ನನ್ನ ಅಡುಗೆಮನೆಗೆ ಬಂದು ಸಾರಿನ ಸೌಟು ಕೈಗೆತ್ತಿಕೊಂಡಳು. "ಅಕ್ಕಾ, ಇವತ್ತು ಮೀಟಿಂಗಲ್ಲಿ ಏನ್ ಕೇಳಿದ್ರು ಗೊತ್ತಾ? ಪ್ಲೆಸೆಂಟನ್ ಕಡೆ ಲಾಂಡ್ರಿಗೆ ಯಾರ್ಯಾರು ಹೋಗ್ತೀರ ಅಂತ! ನಮ್ಮ ಬಟ್ಟೆ ಕಟ್ಕೊಂಡು ಇವರಿಗೇನಾಗ್ಬೇಕು?"

ನನಗೆ ನಗು ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅಂದ್ರೆ ನನ್ನನ್ನ ಸಿನಿಮಾಗೆ ಹಾಕಿದ್ರಾ?"

"ನಿನ್ನನ್ನಲ್ಲ ಕಣೇ. ನಿನ್ನದು ಒಂದು ಕೂದಲೂ ಅದರಲ್ಲಿಲ್ಲ."

"ಲಾಂಡ್ರಿಗೆ ಮುಂಚೆ ನನ್ನ ಬಗ್ಗೆ ಏನ್ ಬರ್ದಿದ್ರಿ?"

"ಏನೂ ಇಲ್ಲ" ಅಂದೆ. ಅದು ನಿಜವೇ. ಆದರೆ ಇಲ್ಲ ಅಂದವರ ಮುಖವನ್ನು ನಾನು ಹೇಗೆ ನೋಡುತ್ತೇನೋ, ಹಾಗೇ ಅವಳು ನನ್ನ ಮುಖ ನೋಡಿದಳು.

ಚಿತ್ರಕಥೆ ವಾಪಸ್ ತಗೊಂಡೆ, ವರದಿ ಅಚ್ಚಾಯಿತು. ಆ ನಿರ್ಮಾಪಕ ಕಂಪನಿಗೆ ಬಂಡವಾಳ ಹಾಕಿದವರ ಸ್ನೇಹಿತನೆಂದು ಆಮೇಲೆ ತಿಳಿಯಿತು. ಅವಳ ಹೆಸರು ಎಲ್ಲೂ ಹೊರಬರಲಿಲ್ಲ. ಕಂಪನಿ ಮುಚ್ಚುವ ಮೊದಲೇ ಅವಳಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೆ ಕೆಲಸ ಸಿಕ್ಕಿತ್ತು. ನಾನು ಅವಳನ್ನು ಕಾಪಾಡಿದೆ ಎಂದೇ ಅಂದುಕೊಂಡಿದ್ದೆ.

ಅವಳ ಮದುವೆ ನಿಶ್ಚಯವಾದ ಸುದ್ದಿ ನನಗೆ ಬೇರೆಯವರಿಂದ ಗೊತ್ತಾಯಿತು. ಸಂಘದ ಯುಗಾದಿ ಊಟದಲ್ಲಿ ಸಿಕ್ಕಾಗ, "ಏನೇ, ನನಗೇ ಹೇಳಲಿಲ್ಲವಲ್ಲ" ಎಂದು ಕಿವಿ ಹಿಂಡಲು ಹೋದೆ.

ಅವಳು ಹಿಂದೆ ಸರಿದಳು. "ನಿಮಗೆ ಯಾರು ಹೇಳಿದ್ರು, ಅಕ್ಕಾ?"

ಆ ಹೆಸರನ್ನು ನಾನು ಹೇಳಲಿಲ್ಲ.