ಬಾಳೆಕಂದು ಕಟ್ಟದ ಶಾಮಿಯಾನದಣ್ಣ

ಮಳೆ ಬರಬಹುದಿತ್ತು. ಕರೆಂಟು ಹೋಗಬಹುದಿತ್ತು, ವೈರ್‌ಮ್ಯಾನ್ ಮನೆಯ ಗೃಹಪ್ರವೇಶದಲ್ಲೇ ಕತ್ತಲಾಯಿತೆಂದು ಪಾಂಡವಪುರದ ಜನ ವರ್ಷಗಟ್ಟಲೆ ನಗಬಹುದಿತ್ತು. ಪುರೋಹಿತರು ಅದೇ ಮುಹೂರ್ತಕ್ಕೆ ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಮನೆ ಒಪ್ಪಿಕೊಂಡಿರಬಹುದಿತ್ತು. ಹಾಲು ಉಕ್ಕದೆ ಒಡೆಯಬಹುದಿತ್ತು. ಪಾಯಸ ಸೀಯಬಹುದಿತ್ತು. ಮುಚ್ಚಳ ಹಾಕದ ಸಂಪಿನಲ್ಲಿ ಯಾರದಾದರೂ ಮಗು ಬೀಳಬಹುದಿತ್ತು. ಮುಚ್ಚಳ ಹಾಕಿದ ಮೇಲೆ, ಅದು ಸರಿಯಾಗಿ ಕೂತಿಲ್ಲದೆ ದೊಡ್ಡವರೇ ಬೀಳಬಹುದಿತ್ತು. ನಾಗಮಂಗಲದ ನನ್ನ ಇಬ್ಬರು ಮಾವಂದಿರು ಒಂದೇ ಪಂಕ್ತಿಯಲ್ಲಿ ಎದುರುಬದುರು ಕುಳಿತು ಹಳೆಯ ಬದುವಿನ ಜಗಳ ತೆಗೆಯಬಹುದಿತ್ತು. ವಾರವೆಲ್ಲ ಇದನ್ನೇ ಒಪ್ಪಿಸುತ್ತಿದ್ದ ನನ್ನನ್ನು ನೋಡಿ ಹೆಂಡತಿ, "ಹೆದರಾಕೆ ಏನೂ ಸಿಗ್ದಿದ್ರೆ ಅದ್ಕೂ ಹೆದರ್ತೀರ ನೀವು" ಅಂದಿದ್ದಳು. ಸುಳ್ಳಲ್ಲ.

ಗೃಹಪ್ರವೇಶದ ದಿನ ಇದಾವುದರ ಪರಿವೆಯೂ ಇಲ್ಲದೆ, ನಮ್ಮ ಹೊಸ ಮನೆಯ ಬೀದಿಯಲ್ಲಿ ಮಡಿಚಿಟ್ಟ ಬಟ್ಟೆಯ ಮೇಲೆ ಕುಳಿತು ಒಬ್ಬರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಕೆ.ಆರ್. ಪೇಟೆಯ ಶಾಮಿಯಾನದಣ್ಣ. ಅಂಗಿಯ ಕಾಲರಿಗೆ ಸದಾ ಚುಚ್ಚಿಕೊಂಡ ದಬ್ಬಳ. ಅದರ ಹಿಂಬದಿಯನ್ನು ಒತ್ತಿ ಒತ್ತಿ ಬಲ ಅಂಗೈಯಲ್ಲಿ ಹುಣಸೆಬೀಜದಂಥ ಗಂಟು ಎದ್ದಿತ್ತು. ಗಳ ಹೊತ್ತು ಹೊತ್ತು ಒಂದು ಭುಜ ಇನ್ನೊಂದಕ್ಕಿಂತ ಇಳಿದಿತ್ತು. ಯಾರನ್ನು ಮಾತನಾಡಿಸಿದರೂ ಅವರ ತಲೆಯಿಂದ ಗೇಣು ಮೇಲಕ್ಕೆ ನೋಡುವರು, ಅಲ್ಲೆಲ್ಲೋ ಬಟ್ಟೆ ಜೋತುಬಿದ್ದಿದೆಯೇನೋ ಎಂಬಂತೆ. ಹೊಸಬರು ಇದನ್ನು ಗರ್ವವೆಂದು ತಿಳಿಯುತ್ತಿದ್ದರು. ಆ ಮನುಷ್ಯ ಇಲ್ಲದಿದ್ದರೆ ನನಗೆ ಹೆದರಿಕೊಳ್ಳಲು ಸ್ವಂತದ್ದೊಂದು ಮನೆಯೇ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮದು ಜೋಡಿ ಕಸುಬು. ಶೀಳನೆರೆಯಲ್ಲೋ ಮಾಕವಳ್ಳಿಯಲ್ಲೋ ಮದುವೆಯಾದರೆ ಅವರು ಚಪ್ಪರ ಹಾಕುವರು, ನಾನು ಅದಕ್ಕೆ ಸೀರಿಯಲ್ ಸೆಟ್ಟು ಕಟ್ಟುವೆನು. ಹಾಗೆ ಒಮ್ಮೆ ಮೈಸೂರಿನ ಗುಜರಾತಿಗಳ ಮನೆಯೊಂದರ ಮದುವೆಗೆ ಹೋದೆವು. ಗಂಡಿನ ಕಡೆಯ ಯಜಮಾನರೊಬ್ಬರು ಟಾಂಜಾನಿಯಾದಲ್ಲಿ ಕಂಟ್ರಾಕ್ಟರು. ಮದುವೆಗೆ ಬಂದಿದ್ದ ಆ ಯಜಮಾನರು ಮದುಮಕ್ಕಳನ್ನು ಬಿಟ್ಟು ಚಪ್ಪರದ ಹೊಲಿಗೆಯನ್ನೇ ಮುಟ್ಟಿ ಮುಟ್ಟಿ ನೋಡಿದರು. ಅಲ್ಲಿನ ಕಾಡಿನಲ್ಲಿ, ಹೊಳೆಯ ದಡದಲ್ಲಿ, ಬೇಟೆಗಾರರ ಕಾಲದ ಒಂದು ಕಲ್ಲಿನ ಬಂಗಲೆಯನ್ನು ಅವರು ಹೊಸದು ಮಾಡುತ್ತಿದ್ದರಂತೆ. ಸುತ್ತ ಸಿರಿವಂತ ಪ್ರವಾಸಿಗರಿಗಾಗಿ ಕ್ಯಾನ್ವಾಸಿನ ಡೇರೆಗಳು ಬೇಕು. ಎರಡು ವರ್ಷದ ಕರಾರು, ಬರುತ್ತೀರಾ ಎಂದು ಕೇಳಿದರು.

ಶಾಮಿಯಾನದಣ್ಣ ನನ್ನತ್ತ ತಿರುಗಿ, "ಲೈಟಿನೋನು ಇಲ್ದೆ ನಾನೆಲ್ಲೂ ಚಪ್ರ ಹಾಕಿಲ್ಲ. ಇವ್ನೂ ಬತ್ತಾನೆ" ಅಂದರು. ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ನಾನು ಯೋಚಿಸುತ್ತಿದ್ದೆ. ಯೋಚಿಸಿದ್ದರೆ ಇವತ್ತಿಗೂ ಬಾಡಿಗೆ ಮನೆಯಲ್ಲಿ ಕುಳಿತು ಯೋಚಿಸುತ್ತಲೇ ಇರುತ್ತಿದ್ದೆ.

ಹೋದೆವು. ವಿಮಾನ ಬೀಳಲಿಲ್ಲ.

ಆ ಬಂಗಲೆಯ ಪಕ್ಕ ಮಾದರಿಗೆಂದು ಮೊದಲೇ ಎಬ್ಬಿಸಿದ್ದ ಡೇರೆಯೊಂದನ್ನು ನೋಡಿ ನಾವಿಬ್ಬರೂ ಬೆಪ್ಪಾದೆವು. ಮರದ ಅಟ್ಟಣೆ, ಅದರ ಮೇಲೆ ಬಟ್ಟೆಯ ಮನೆ. ಒಳಗೆ ನಾಲ್ಕು ಕಂಬದ ಮಂಚ, ರತ್ನಗಂಬಳಿ, ಕಾಲು ಚಾಚಿ ಮಲಗುವಷ್ಟು ದೊಡ್ಡ ತಾಮ್ರದ ಸ್ನಾನದ ತೊಟ್ಟಿ. ತೊಟ್ಟಿಯಲ್ಲಿ ಕುಳಿತರೆ ಎದುರಿಗೆ ಹೊಳೆ, ಹೊಳೆಯಲ್ಲಿ ನೀರುಕುದುರೆ. ಅದೂ ಇವರೂ ಒಬ್ಬರನ್ನೊಬ್ಬರು ನೋಡುತ್ತಾ ಸ್ನಾನ ಮಾಡುವ ಏರ್ಪಾಡು.

"ಅಲ್ಲ ಕಣ್ಲಾ," ಅಂದರು ಶಾಮಿಯಾನದಣ್ಣ, "ನಮ್ಮೂರಲ್ಲಿ ಬಟ್ಟೆ ಕೆಳ್ಗೆ ಮಲಗ್ದೋನ್ನ ಗತಿಗೆಟ್ಟೋನು ಅಂತಾರೆ. ಇಲ್ಲಿ ಅದ್ಕೇ ಇಮಾನ ಹತ್ಕಂಡು ಬತ್ತಾರಾ?"

"ಕಾಡು ನೋಡಾಕೆ ಕಣಣ್ಣ."

"ಕಾಡು ನೋಡೋರ್ಗೆ ಕನ್ನಡಿ ಯಾಕ್ಲಾ ಅಷ್ಟು ದೊಡ್ಡದು?"

ಅಲ್ಲಿನ ಮ್ಯಾನೇಜರು ಆ ಸೀಮೆಯವರೇ. ಎತ್ತರದ ಆಳು, ಮೆಲುದನಿ. ಶಾಮಿಯಾನದಣ್ಣನನ್ನು "ಫುಂಡಿ" ಎಂದು ಕರೆಯುತ್ತಿದ್ದರು, ಅವರ ಭಾಷೆಯಲ್ಲಿ ಕುಶಲ ಕೆಲಸಗಾರನೆಂದು ಅರ್ಥ. ಅವರ ಜೊತೆ ನಾನು ಐಟಿಐ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಶಾಮಿಯಾನದಣ್ಣ ಮಾತ್ರ ಎಲ್ಲರ ಜೊತೆಯೂ ಕನ್ನಡದಲ್ಲೇ ಮಾತಾಡುವರು. "ಒಸಿ ಆ ಹಗ್ಗ ಎಳಿಯಪ್ಪಾ" ಅಂದರೆ ಅಲ್ಲಿನವರು ಎಳೆಯುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಕೇಳಿದರೆ "ಏನು?" ಅನ್ನುತ್ತಿದ್ದರು.

ನನ್ನ ಹೆದರಿಕೆಗಳು ಅಲ್ಲಿ ಹುಲುಸಾಗಿ ಬೆಳೆದವು. ಬೂಟಿನಲ್ಲಿ ಚೇಳು, ಸೊಳ್ಳೆಯಲ್ಲಿ ಮಲೇರಿಯಾ, ಪೊದೆಯಲ್ಲಿ ಸಿಂಹ. ಪ್ರತಿಯೊಂದನ್ನೂ ಹೊತ್ತುಕೊಂಡು ಹೋಗಿ ಅವರ ಮುಂದೆ ಇಳಿಸುತ್ತಿದ್ದೆ. ಅವರು ಸಮಾಧಾನ ಹೇಳುತ್ತಿರಲಿಲ್ಲ. ಹೊಲಿಯುತ್ತಿದ್ದ ಕ್ಯಾನ್ವಾಸಿನ ಒಂದು ತುದಿಯನ್ನು ನನ್ನ ಕೈಗೆ ತುರುಕಿ, "ಬಿಗ್ಯಾಗಿ ಇಡ್ಕೊ" ಅನ್ನುವರು. ಸಡಿಲ ಬಿಟ್ಟರೆ ಹೊಲಿಗೆ ಸೊಟ್ಟಗಾಗುತ್ತದೆ. ಬಿಗಿ ಹಿಡಿದವನಿಗೆ ಬೇರೆ ಯೋಚನೆ ಬರುವುದಿಲ್ಲ. ಒಮ್ಮೆ ಮಾತ್ರ ದಾರ ಕಡಿಯುತ್ತಾ ಹೇಳಿದರು: "ಹೆದ್ರಿಕೆ ಬತ್ತದೆ, ಬರ್ಲಿ ಬುಡು. ನೀನ್ಯಾಕ್ಲಾ ಅದ್ಕೆ ಮಣೆ ಹಾಕ್ತೀಯ?"

ಮೊದಲ ಸಾಲಿನ ಡೇರೆಗಳ ಕೆಲಸ ಮುಗಿದು ಮೊದಲ ಅತಿಥಿಗಳು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ತರಕಾರಿ ಲಾರಿ ಬಂದಾಗ ಶಾಮಿಯಾನದಣ್ಣ ಅದರಿಂದ ಎರಡು ಬಾಳೆಕಂದು ಇಳಿಸಿದರು, ಗೊನೆ ಸಮೇತ. ಬೆಟ್ಟದ ಊರಿನಿಂದ ಬರುವ ಡ್ರೈವರನಿಗೆ ಕೈಬಾಯಿ ಸನ್ನೆಯಲ್ಲೇ ಹೇಳಿ ತರಿಸಿಕೊಂಡಿದ್ದರು. ಮರುದಿನ ಮ್ಯಾನೇಜರು ಅತಿಥಿಗಳನ್ನು ಕರೆತರಲು ವಿಮಾನ ಇಳಿಯುವ ಮೈದಾನಕ್ಕೆ ಹೋದಾಗ ಅವನ್ನು ಊಟದ ದೊಡ್ಡ ಡೇರೆಯ ಬಾಗಿಲಿನ ಎರಡು ಕಂಬಕ್ಕೂ ಕಟ್ಟಿದರು.

"ಅಣ್ಣ, ಡೇರೆ ಹತ್ರ ಹಣ್ಣು ಮಡಗ್ಬಾರ್ದು ಅಂತ ಬೋರ್ಡಿನಲ್ಲಿ ಬರ್ದವ್ರಲ್ಲಾ?"

"ಇದು ಹಣ್ಣೇನ್ಲಾ? ಇದು ಶಾಸ್ತ್ರ. ಕಂದಿಲ್ದ ಚಪ್ರದೊಳಕ್ಕೆ ಯಾರ್ಲಾ ಕಾಲಿಡ್ತಾರೆ?"

ನನಗದು ಸರಿಯೆನ್ನಿಸಿತು. ನಿಜ ಹೇಳಬೇಕೆಂದರೆ, ಆ ಇಡೀ ಕಾಡಿನಲ್ಲಿ ನನಗೆ ಹೆದರಿಕೆ ಹುಟ್ಟಿಸದೆ ಇದ್ದ ಒಂದೇ ವಸ್ತು ಆ ಬಾಳೆಕಂದು. ನಾನೇ ಏಣಿ ಹತ್ತಿ ಅದರ ಎಲೆಗಳ ನಡುವೆ ದೀಪ ಸಿಕ್ಕಿಸತೊಡಗಿದೆ.

ಏಣಿಯ ಮೇಲಿಂದಲೇ ನೋಡಿದೆ. ಹೊಳೆಯ ಕಡೆಯಿಂದ ಒಂದು ಹೆಣ್ಣಾನೆ ಬರುತ್ತಿತ್ತು, ಪಕ್ಕದಲ್ಲಿ ಮರಿ. ಆತುರವಿಲ್ಲ, ಗಾಬರಿಯಿಲ್ಲ, ಕರೆಯೋಲೆ ತಲುಪಿದ ಬೀಗಿತ್ತಿ ಮೊಮ್ಮಗನನ್ನು ನಡೆಸಿಕೊಂಡು ಬರುವ ಹಾಗೆ ನೆಟ್ಟಗೆ ಬಾಗಿಲಿಗೇ ಬಂತು. ನಾನು ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಕೆಳಗೆ ಶಾಮಿಯಾನದಣ್ಣ ಕೈಮುಗಿದು ಹಿಂದೆ ಹಿಂದೆ ಸರಿದರು. ನಾವು ಕಂಡಿದ್ದ ಆನೆಯೆಂದರೆ ದಸರೆಯದು. ಮಾವುತ ಹೇಳಿದಷ್ಟು ತಿಂದು, ಸೊಂಡಿಲೆತ್ತಿ, ಹೊರಟುಹೋಗುವಂಥದ್ದು. ಇದು ನನ್ನ ಏಣಿಯಿಲ್ಲದ ಕಡೆಯ ಕಂದನ್ನು ಕಂಬದ ಸಮೇತ ಕಿತ್ತಿತು. ಕ್ಯಾನ್ವಾಸು ಪರ್ರನೆ ಹರಿದು, ಡೇರೆಯ ಮುಂಭಾಗ ಮಂಡಿಯೂರಿತು. ಅಷ್ಟರಲ್ಲಿ ಜೀಪುಗಳು ಬಂದು ದೂರದಲ್ಲಿ ನಿಂತವು. ಅತಿಥಿಗಳು ಕ್ಯಾಮೆರಾ ಹಿಡಿದು ಸಂಭ್ರಮಿಸಿದರು, ತಮ್ಮ ಸ್ವಾಗತಕ್ಕೇ ಏರ್ಪಾಟಾಗಿದೆಯೆಂದು ತಿಳಿದರೋ ಏನೋ. ಆನೆ ನನ್ನ ಪಕ್ಕದ ಕಂದನ್ನೂ ಎಳೆದುಕೊಂಡು ನಿಧಾನವಾಗಿ ಎರಡನ್ನೂ ಮುಗಿಸಿ, ಮರಿಗೂ ಕೊಟ್ಟು, ನನ್ನ ಏಣಿಯನ್ನು ಒಮ್ಮೆ ಮೂಸಿ ಹೊರಟುಹೋಯಿತು. ನಾನು ಏಣಿಯಿಂದ ಇಳಿದದ್ದು ಹೇಗೆಂದು ನೆನಪಿಲ್ಲ.

ಮ್ಯಾನೇಜರು ಕೂಗಾಡಲಿಲ್ಲ. ನಮ್ಮಿಬ್ಬರನ್ನೂ ಆಚೆ ಕರೆದು ಹೇಳಿದರು: "ಇಲ್ಲಿ ಹಣ್ಣು ಸಿಗುತ್ತದೆಂದು ಆನೆಗೆ ಗೊತ್ತಾಯಿತು. ಇನ್ನು ಅದು ಬರುತ್ತದೆ, ಡೇರೆ ಹರಿಯುತ್ತದೆ, ಒಂದು ದಿನ ಯಾರನ್ನೋ ತುಳಿಯುತ್ತದೆ. ಆಮೇಲೆ ಸರ್ಕಾರದವರು ಬಂದು ಗುಂಡು ಹಾಕುತ್ತಾರೆ. ಅಂಥದ್ದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದಿನ ತರಕಾರಿ ಲಾರಿ ಬರುವವರೆಗೆ ನೋಡುತ್ತೇನೆ. ಅಷ್ಟರಲ್ಲಿ ಅದು ಮತ್ತೆ ಡೇರೆ ಮುಟ್ಟಿದರೆ ನಾನು ಸರ್ಕಾರಕ್ಕೆ ತಿಳಿಸಲೇಬೇಕು. ಫುಂಡಿ ಅದೇ ಲಾರಿಯಲ್ಲಿ ಊರಿಗೆ ಹೋಗಬೇಕು."

ನಾನು ಅದನ್ನು ಕನ್ನಡಕ್ಕೆ ತಂದೆ. ಕೆಲಸ ಹೋಗುವ ಭಾಗವನ್ನು ಅವರು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಚಪ್ರ ಎಲ್ಲೋದ್ರೂ ಹಾಕ್ಬೋದು ಕಣ್ಲಾ. ಅದ್ಕೆ ಗುಂಡಾಕ್ತಾರಾ? ಕರ್ದೋನು ನಾನು, ಉಣ್ಣಾಕಿಕ್ದೋನು ನಾನು... ಮರಿ ಬೇರೆ ಐತಲ್ಲಾ."

ಅಂದು ಅವರು ಊಟ ಮಾಡಲಿಲ್ಲ. ಬಾಳೆಯ ನಾರು, ಎಲೆಚೂರು ಒಂದೂ ಬಿಡದಂತೆ ಆರಿಸಿದರು. ಕಂಬಗಳನ್ನು ಸೋಪು ಹಾಕಿ ತಿಕ್ಕಿದರು. ಬಾಳೆಯ ರಸ ಬಿದ್ದಿದ್ದ ಮಣ್ಣನ್ನೇ ಕೆತ್ತಿ ಹೊಳೆಯಾಚೆ ಸುರಿಸಿದರು. ಮಾರನೆಯ ದಿನದಿಂದ ಮಧ್ಯಾಹ್ನವಾಗುತ್ತಲೇ ಖಾಲಿ ಸೀಮೆಎಣ್ಣೆ ಡಬ್ಬ ಹಿಡಿದು ಆನೆ ಬಂದ ದಾರಿಯಲ್ಲಿ ಹೋಗಿ ಕೂರತೊಡಗಿದರು. ಕೋವಿ ಹಿಡಿದ ಕಾವಲುಗಾರನೊಬ್ಬ ನಮ್ಮ ಹಿಂದೆ. ನಮ್ಮ ಅಂದೆನಲ್ಲವೇ? ಹೌದು, ಇನ್ನೊಂದು ಡಬ್ಬ ನನ್ನ ಕೈಯಲ್ಲಿತ್ತು. ಅವರಿಲ್ಲದೆ ಡೇರೆಯಲ್ಲಿ ಒಬ್ಬನೇ ಇರಲು ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಲಾರಿ ಬರುವ ಹಿಂದಿನ ಸಂಜೆ ಅದು ಬಂತು. ಡೇರೆಗಳಲ್ಲಿ ಅತಿಥಿಗಳು ಚಹಾ ಕುಡಿಯುತ್ತಿದ್ದರು. ಹಿಂದೆ ಕೋವಿ ಎತ್ತಿದ ಸದ್ದು ಕೇಳಿಸಿತು. ಶಾಮಿಯಾನದಣ್ಣ ಎದ್ದು ನಿಂತು ಡಬ್ಬ ಬಡಿಯತೊಡಗಿದರು, ಬಡಿಯುತ್ತಲೇ ಮಾತಾಡತೊಡಗಿದರು.

"ಬ್ಯಾಡ ಕಣವ್ವಾ, ಬ್ಯಾಡ! ಇಲ್ಲೇನೂ ಇಲ್ಲ. ಮದ್ವೆ ಮುಗೀತು ಕಣವ್ವ. ಊಟ ಮುಗೀತು, ಚಪ್ರ ಬಿಚ್ಚಾಯ್ತು. ಮನೆಗೋಗವ್ವಾ! ಮಗೀನ ಕರ್ಕಂಡು ಮನೆಗೋಗು!"

ನಾನು ಡಬ್ಬ ಬಡಿಯಬೇಕಾಗಲಿಲ್ಲ. ಕೈ ನಡುಗುತ್ತಿದ್ದುದರಿಂದ ಅದೇ ಬಡಿದುಕೊಳ್ಳುತ್ತಿತ್ತು. ಆನೆ ಕಿವಿ ಅಗಲಿಸಿ ನಿಂತಿತು. ಮರಿ ತಾಯ ಹೊಟ್ಟೆಯ ಕೆಳಗೆ ಸೇರಿಕೊಂಡಿತು. ಶಾಮಿಯಾನದಣ್ಣನ ದನಿ ಒಡೆದು, ಕಡೆಕಡೆಗೆ ಬರೀ "ಓಗವ್ವಾ... ಓಗವ್ವಾ..." ಅಷ್ಟೇ ಉಳಿಯಿತು. ಆನೆ ಒಂದು ಸೊಂಡಿಲು ಧೂಳನ್ನು ನಮ್ಮತ್ತ ಎರಚಿ, ಬೇಸರಗೊಂಡ ಬೀಗಿತ್ತಿಯಂತೆ ಬೆನ್ನು ತಿರುಗಿಸಿತು. ನಾವು ಅಲ್ಲಿದ್ದಷ್ಟು ಕಾಲ ಅದು ಹೊಳೆಯಾಚೆ ಮೇಯುವುದು ಕಂಡಿತೇ ಹೊರತು ಡೇರೆಯತ್ತ ಮತ್ತೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಮ್ಯಾನೇಜರು ಹರಿದ ಕ್ಯಾನ್ವಾಸನ್ನು ತಾವೇ ಹೊತ್ತು ತಂದು ಶಾಮಿಯಾನದಣ್ಣನ ಮುಂದೆ ಇಳಿಸಿದರು. ಹೊಲಿ ಎಂದು ಕೈಸನ್ನೆ ಮಾಡಿದರು. ಅಷ್ಟೇ.

ಆ ಲಾರಿಯಲ್ಲಿ ಶಾಮಿಯಾನದಣ್ಣ ಹೋಗಲಿಲ್ಲ. ಹೋಗಲು ಪೆಟ್ಟಿಗೆ ಕಟ್ಟಿದವನು ನಾನು. ಅವರು ಹೊಲಿಗೆಯಿಂದ ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿದರು.

"ಊರಿಗೋಗಿ ಏನ್ಲಾ ಮಾಡ್ತೀಯ?"

"ಅಲ್ಲಿ ಆನೆ ಇಲ್ಲ ಕಣಣ್ಣ."

"ಆನೆ ಇಲ್ದಿದ್ರೆ ಇಲೀಗೆ ಹೆದರ್ತೀಯ. ಅಲ್ಲಿ ಬಿಟ್ಟಿ ಹೆದರ್ಕಬೇಕು, ಇಲ್ಲಾದ್ರೆ ಹೆದರ್ಕಳಾಕೂ ಸಂಬ್ಳ ಕೊಡ್ತಾರೆ. ಬಾ, ತುದಿ ಇಡ್ಕೊ."

ಹಿಡಿದೆ. ಲಾರಿ ಹೋಯಿತು. ಎರಡು ವರ್ಷ ಇದ್ದೆ. ಆ ಸಂಬಳದಲ್ಲಿ ಪಾಂಡವಪುರದಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ ಇಟ್ಟೆ, ಮದುವೆಯಾದೆ, ತೊಂಬತ್ತರ ದಶಕ ಮುಗಿಯುವುದರೊಳಗೆ ಮನೆ ಕಟ್ಟಿದೆ.

ಅವರು ಕೆ.ಆರ್. ಪೇಟೆಗೆ ಮರಳಿ ಮತ್ತೆ ಚಪ್ಪರ ಹಾಕತೊಡಗಿದರು. ಎಲ್ಲ ಮೊದಲಿನಂತೆಯೇ, ಆದರೆ ಬಾಳೆಕಂದು ಮಾತ್ರ ಕಟ್ಟುತ್ತಿರಲಿಲ್ಲ. "ಕಂದು ನೀವೇ ಕಟ್ಕಳ್ರಪ್ಪ" ಎಂದು ಆಚೆ ಹೋಗಿಬಿಡುವರು. ಏನೋ ಹರಕೆಯಿರಬೇಕು ಎಂದರು ಕೆಲವರು; ಆಫ್ರಿಕಾಕ್ಕೆ ಹೋಗಿ ಬಂದ ಮೇಲೆ ಕೊಬ್ಬು ಅಂದರು ಉಳಿದವರು. ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡಾಗ ಅವರ ಮನೆಯ ಮುಂದೆ ನಿಂತು ಅತ್ತವರಲ್ಲಿ ಅರ್ಧ ಜನ ಅವರ ಚಪ್ಪರದಡಿ ಮದುವೆಯಾದವರು. ಅವರ ಚಪ್ಪರದಿಂದ ಮನೆ ಕಟ್ಟಿದವನು ಮಾತ್ರ ನಾನೊಬ್ಬನೇ ಇರಬೇಕು.

ಆ ಗೃಹಪ್ರವೇಶದ ದಿನ, ಬಟ್ಟೆಯ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅವರ ಕೈಯನ್ನು ನಾನು ಹಿಡಿದುಕೊಂಡೆ. "ಅಣ್ಣ, ನಮ್ಮನೆ ಕಂದು ನೀನೇ ಕಟ್ಬೇಕು."

ಅವರು ನನ್ನ ತಲೆಯಿಂದ ಗೇಣು ಮೇಲಕ್ಕೆ ನೋಡಿದರು. ಎದ್ದು ಬೀದಿಯ ಆ ತುದಿಗೆ ಹೋದರು, ಈ ತುದಿಗೆ ಬಂದರು. ಆಮೇಲೆ ಕಟ್ಟಿದರು.

ಮಳೆ ಬರಲಿಲ್ಲ. ಕರೆಂಟು ಹೋಗಲಿಲ್ಲ. ಪುರೋಹಿತರು ಹೊತ್ತಿಗೆ ಮುಂಚೆಯೇ ಬಂದರು, ಹಾಲು ಉಕ್ಕಿತು, ಸಂಪಿನಲ್ಲಿ ಯಾರೂ ಬೀಳಲಿಲ್ಲ. ಮಾವಂದಿರಿಬ್ಬರೂ ಹೋಳಿಗೆಗೆ ಒಬ್ಬರಿಗೊಬ್ಬರು ಒತ್ತಾಯ ಮಾಡಿದರು. ಮೊದಲ ಪಂಕ್ತಿ ಮೊಸರಿಗೆ ಬಂದಾಗ ಹೊರಗೆ ಗಲಾಟೆಯಾಯಿತು. ಯಾರದೋ ಬೀದಿ ಹಸು ಒಂದು ಕಂದನ್ನು ಎಳೆದು ಹಾಕಿಕೊಂಡು ತಿನ್ನುತ್ತಿತ್ತು. ನನ್ನ ಭಾಮೈದ ಕೋಲೆತ್ತಿದ್ದ.

ಶಾಮಿಯಾನದಣ್ಣ ಎಂಜಲು ಕೈಯಲ್ಲೇ ಎಲೆಯಿಂದೆದ್ದು ಓಡಿದರು.

"ಏಯ್, ಮಡಗ್ಲಾ ಕೋಲ! ತಿನ್ಲಿ ಬುಡು. ಇವ್ಳಿಗೆ ಯಾರೂ ಗುಂಡಾಕಾಕಿಲ್ಲ."

ಯಾರಿಗೂ ಏನೂ ಅರ್ಥವಾಗಲಿಲ್ಲ, ಎಲ್ಲರೂ ನಕ್ಕರು. ಅವರು ನಗುವವರನ್ನು ನೋಡಲಿಲ್ಲ. ಎರಡನೆಯ ಕಂದಿನ ಗಂಟನ್ನು ಎಡಗೈಯಲ್ಲೇ ಬಿಚ್ಚಿ, ಮೆಲ್ಲಗೆ ಇಳಿಸಿ, ಹಸುವಿನ ಮುಂದೆ ಹಾಕಿದರು.