ಓದದೇ ಸಹಿ ಮಾಡಿ ಎಂದರು

1993ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಅದನ್ನೇ ಹಿಡಿದು ಮಹಾರಾಷ್ಟ್ರದ ಸಂಭಾಜಿನಗರದ ಕಾರ್ಖಾನೆಯೊಂದರ ಅಧಿಕಾರಿ ನನ್ನ ಮುಖದ ಮುಂದೆಯೇ ನಕ್ಕರು. ನಾಸಿಕ್‌ನಿಂದ ಅವರ ಮಾಲು ಸಾಗಿಸುವ ನನ್ನ ಲಾರಿಗಳ ಗುತ್ತಿಗೆ ಮುಂದುವರಿಯಬೇಕಾದರೆ ಸೈಬರ್ ಸುರಕ್ಷತೆಯ ಇಂಗ್ಲಿಷ್ ಫಾರಂ ತುಂಬಬೇಕಿತ್ತು. ಅಧಿಕಾರಿ ನಮ್ಮ ವಿಜಯಪುರದ ಕಡೆಯವರೇ.

“ಕಾಕಾ, ಏಳನೇತ್ತೆ ಕಲತು ಇದನ್ನೇನ್ ಓದತೀರಿ? ಎಲ್ಲಾದಕ್ಕೂ ‘ಹೌದು’ ಅಂತ ಟಿಕ್ ಹಾಕಿ ಸಹಿ ಮಾಡ್ರಿ. ಯಾರೂ ನೋಡಂಗಿಲ್ಲ.”

ಫಾರಂ ಮನೆಗೆ ತಂದೆ. ನಾಸಿಕ್‌ನಲ್ಲೇ ಓದಿ ಬೆಳೆದ ಮಗಳು ಸಾಲು ಸಾಲನ್ನೂ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಮಾಲಿನ ವಿವರ ತುಂಬುವ ಮೊಬೈಲ್ ಆ್ಯಪ್‌ಗೆ ಪ್ರತಿ ಚಾಲಕನಿಗೂ ಬೇರೆ ಪಾಸ್‌ವರ್ಡ್ ಇದೆಯೇ ಎಂದು ಕೇಳಿದ್ದರು. ನಮ್ಮಲ್ಲಿ ಎಲ್ಲರಿಗೂ ಒಂದೇ ಇತ್ತು. ಯಾರೂ ಮರೆಯದಿರಲಿ ಎಂದು ಅದನ್ನು ಪ್ರತಿ ಲಾರಿಯ ಸ್ಟೇರಿಂಗ್ ಪಕ್ಕ ಪೇಂಟಿನಲ್ಲಿ ಬರೆಸಿದ್ದೆ! ಕೊನೆಯ ಪುಟದಲ್ಲಿ, ಒಂದು ಉತ್ತರ ಸುಳ್ಳಾದರೂ ಮಾಹಿತಿ ಕಳುವಿನ ನಷ್ಟವೆಲ್ಲ ಲಾರಿ ಮಾಲೀಕನದೇ ಎಂದಿತ್ತು.

ಮೈಯೆಲ್ಲ ಉರಿಯಿತು. ಮರುದಿನ ಫಾರಂ ಆ ಅಧಿಕಾರಿಯ ಮೇಜಿನ ಮೇಲೆ ಕುಕ್ಕಿದೆ.

“ಸುಳ್ಳು ಬರೀರಿ ಅಂತ ಹೇಳಾವ್ರು ನೀವು, ಸಿಕ್ಕಬಿದ್ದಾಗ ಕಳ್ಳ ನಾನೇನ್ರಿ ಸಾಹೇಬ್ರ?”

ಇಲ್ಲದ್ದಕ್ಕೆಲ್ಲ ‘ಇಲ್ಲ’ ಎಂದೇ ಬರೆದಿದ್ದೆ. ಸರಿಪಡಿಸಲು ಒಂದು ತಿಂಗಳು ಕೇಳಿದೆ. ಕೊಡಲಿಲ್ಲ. ಓದದೇ ಸಹಿ ಮಾಡಿದ ಇನ್ನೊಬ್ಬರಿಗೆ ಗುತ್ತಿಗೆ ಹೋಯಿತು.

ಆ ಸಿಟ್ಟು ಇನ್ನೂ ಇಳಿದಿಲ್ಲ. ಐದು ಲಾರಿಗಳಲ್ಲಿ ಎರಡನ್ನು ಮಾರಿದೆ. ಈಗ ನನ್ನ ಹತ್ತಿರ ಮೂರು ಲಾರಿ, ಬದಲಿಯವನೂ ಸೇರಿ ನಾಲ್ವರು ಚಾಲಕರು, ನಾಲ್ಕು ಪಾಸ್‌ವರ್ಡ್.