ಅರ್ಧಕ್ಕೆ ಇಳಿಸಿದ ನೀರು

ಈ ವಾರವೆಲ್ಲ ಪಕ್ಕದ ಮನೆಯಿಂದ ಓಮ ಹಾಕಿ ನೀರು ಕುದಿಸುವ ವಾಸನೆ ಬರುತ್ತಿದೆ. ರಿಚರ್ಡ್ಸ್ ಟೌನಿನ ನಮ್ಮ ಹಳೆಯ ಕಟ್ಟಡದಲ್ಲಿ ಎರಡೂ ಮನೆಗಳ ಅಡುಗೆಮನೆಯ ಕಿಟಕಿಗಳು ಎದುರುಬದುರು. ಶಾಹಿದಾ ಆಂಟಿಯ ಮಗಳು ಬಾಣಂತನಕ್ಕೆ ಬಂದಿದ್ದಾಳೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ನಿಮಗೆ ಈ ವಾಸನೆ ಹಿತವಾಗಿರಬಹುದು. ನಾನು ಮಾತ್ರ ಎದ್ದು ಕಿಟಕಿ ಮುಚ್ಚುತ್ತೇನೆ.

ಕೆಲವು ವರ್ಷಗಳ ಹಿಂದೆ ಗರುಡಾಚಾರ್‌ಪಾಳ್ಯದ ಒಂದು ಬೀದಿಗೆ ನಾನು ನೀರು-ನೈರ್ಮಲ್ಯದ ಕೆಲಸಕ್ಕೆಂದು ವಾರವಾರವೂ ಹೋಗುತ್ತಿದ್ದೆ. ಹೆಗಲಿಗೆ ಸೆಣಬಿನ ಚೀಲ, ಚೀಲದ ತುಂಬ ಕರಪತ್ರ, ಮುಖದ ತುಂಬ ಕಾಳಜಿ. ನಾನು ಓದಿದ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ. ಪ್ರಶ್ನೆ ಕೇಳುವುದನ್ನು ಕಲಿಸುತ್ತಿದ್ದರು. ಕೊಟ್ಟ ಉತ್ತರ ತಪ್ಪಾದರೆ ಏನು ಮಾಡಬೇಕೆಂದು ಕಲಿಸಿದ ನೆನಪಿಲ್ಲ.

ಆ ಬೀದಿಯಲ್ಲಿ ಉಳಿದಿದ್ದ ಒಂದೇ ಸೇದುವ ಬಾವಿ ಮುನಿರತ್ನಮ್ಮನದು. ಕಾರ್ಖಾನೆಗಳು ಬರುವ ಮೊದಲು ಅಲ್ಲಿ ಅವರ ಸೊಪ್ಪಿನ ತೋಟವಿತ್ತಂತೆ. ತೋಟ ಹೋಗಿ, ಬೇಲಿಯಾಚೆ ಲೋಹಕ್ಕೆ ಹೊಳಪಿನ ಲೇಪ ಕೊಡುವ ಶೆಡ್ಡೊಂದು ಬಂದಿತ್ತು. ಬಾವಿಯ ನೀರು ತುಸು ಹಳದಿಗೆ ತಿರುಗಿದೆಯೆಂದು ಆಕೆ ತೋರಿಸಿದಾಗ, ಮೋರಿಯ ನೀರು ಒಳಸೇರಿರಬೇಕೆಂದು ನಾನು ನಿಶ್ಚಯಿಸಿಬಿಟ್ಟೆ. ನೀರನ್ನು ಪರೀಕ್ಷೆಗೆ ಕಳುಹಿಸಿದೆ, ನಿಜ. ಆದರೆ ವರದಿ ಬರುವವರೆಗೆ ಸುಮ್ಮನಿರಲಾಗದೆ ‘ಕುದಿಸಿ, ಸೋಸಿ ಕುಡಿಯಿರಿ’ ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ ಮನೆಮನೆಗೂ ಹಂಚಿದೆ.

ವರದಿಯಲ್ಲಿ ಇದ್ದದ್ದು ಕ್ರೋಮಿಯಂ, ಲೇಪಕ್ಕೆ ಬಳಸುವ ವಿಷಲೋಹ. ಶೆಡ್ಡಿನ ಹಿಂದಿನ ಗುಂಡಿಯಿಂದ ಮಣ್ಣಿಗಿಳಿದು ಬಾವಿಗೆ ಬಂದದ್ದು. ಆ ಹಾಳೆ ಹಿಡಿದು ನಾನು ಓಡಿದಾಗ ಮುನಿರತ್ನಮ್ಮ ಒಲೆಯ ಮುಂದಿದ್ದರು. ಮಗಳು ಶೈಲಾ ಹೆರಿಗೆಯಾಗಿ ತವರಿಗೆ ಬಂದು ತಿಂಗಳಾಗಿತ್ತು. ಕಿವಿಗೆ ಬಟ್ಟೆ ಸುತ್ತಿಕೊಂಡು ಒಳಕೋಣೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದಳು. ಒಲೆಯ ಮೇಲಿನ ಪಾತ್ರೆಯಲ್ಲಿ ಓಮದ ನೀರು ಕುದಿಯುತ್ತಿತ್ತು. ಪಾತ್ರೆಯ ಒಳಗೋಡೆಯಲ್ಲಿ, ಮೊದಲು ನೀರಿದ್ದ ಎತ್ತರಕ್ಕೊಂದು ಮಾಸಲು ಗೆರೆ; ನೀರು ಅದಕ್ಕಿಂತ ಬಹಳ ಕೆಳಗಿತ್ತು.

“ಬಾಣಂತಿಗೆ ಅರ್ಧಕ್ಕೆ ಇಳಿಸಿದ ನೀರೇ ಕೊಡ್ಬೇಕು ಮೇಡಂ,” ಎಂದರು ಮುನಿರತ್ನಮ್ಮ. “ನೀವು ಬೇರೆ ಕುದಿಸಿ ಅಂದ್ರಲ್ಲಾ, ಇನ್ನೂ ಸ್ವಲ್ಪ ಜಾಸ್ತೀನೇ ಇಳಿಸ್ತಿದೀನಿ.”

ಒಳಗಿನಿಂದ ಶೈಲಾ ನಕ್ಕಳು. “ಡಾಕ್ಟ್ರು ಹೇಳಿದ್ರೂ ಅಮ್ಮ ಇಷ್ಟು ಕೇಳ್ತಿರ್ಲಿಲ್ಲ. ನಿಮ್ಮ ಚೀಟಿನ ಒಲೆ ಹಿಂದೇನೇ ಅಂಟಿಸ್ಕೊಂಡಿದಾರೆ, ನೋಡಿ.”

ನೋಡಿದೆ. ಹೊಗೆ ಹಿಡಿದ ಗೋಡೆಯ ಮೇಲೆ ನನ್ನ ದಪ್ಪಕ್ಷರಗಳಿದ್ದವು. ಆವಿಯಾಗಿ ಹೋಗುವುದು ನೀರು ಮಾತ್ರ. ಲೋಹ ಉಳಿದ ನೀರಿನಲ್ಲೇ ಇರುತ್ತದೆ. ನೀರು ಅರ್ಧಕ್ಕಿಳಿದಂತೆ ವಿಷ ಗಟ್ಟಿಯಾಗುತ್ತದೆ. ಆ ತಾಯಿ ಒಂದು ತಿಂಗಳಿಂದ ಅದನ್ನೇ ಕುಡಿಯುತ್ತಿದ್ದಳು, ಆ ಮಗು ಅವಳ ಹಾಲು ಕುಡಿಯುತ್ತಿತ್ತು. ಇದನ್ನು ಲೆಕ್ಕಹಾಕಲು ಶಾಲೆಯ ವಿಜ್ಞಾನವೇ ಸಾಕಾಗಿತ್ತು.

ಬಾವಿಯ ನೀರು ವಿಷವಾಗಿದೆ, ಇಂದಿನಿಂದ ಒಂದು ತೊಟ್ಟೂ ಬೇಡ ಎಂದಷ್ಟೇ ಹೇಳಿ, ಒಲೆಯನ್ನು ನಾನೇ ಆರಿಸಿದೆ. ಮುನಿರತ್ನಮ್ಮ ಮೊಮ್ಮಗನಿದ್ದ ಕೋಣೆಯ ಕಡೆ ತಿರುಗಿ ಕೈ ಮುಗಿದರು. “ಸದ್ಯ, ಕುದಿಸಿದ್ದಕ್ಕೆ ಬಚಾವಾದ್ವಿ.”

ಹಾಗಲ್ಲವೆಂದು ತಿದ್ದದೆ, ಪಾತ್ರೆಯನ್ನೆತ್ತಿಕೊಂಡು ಹೋಗಿ ಮೋರಿಗೆ ಸುರಿದೆ.

ಆಮೇಲಿನದೆಲ್ಲ ನಾನು ಸಭೆಗಳಲ್ಲಿ ಹೇಳಿಕೊಂಡು ತಿರುಗುವ ಕತೆ. ಟ್ಯಾಂಕರ್ ತರಿಸಿದೆವು, ಬಾವಿಗೆ ಮುಚ್ಚಳ ಹಾಕಿಸಿದೆವು, ಶೆಡ್ಡಿಗೆ ಬೀಗ ಬೀಳುವವರೆಗೂ ಬಿಡಲಿಲ್ಲ. ಮನವಿಪತ್ರದಲ್ಲಿ ತಪ್ಪುಗಳನ್ನು ಒಂದೊಂದಾಗಿ ಹೆಸರಿಸಿದೆ: ಗುಂಡಿ ತೋಡಿದ ಮಾಲೀಕನದು, ನೋಡಿಯೂ ನೋಡದ ತಪಾಸಣೆಯವರದು, ನಲ್ಲಿ ನೀರು ಕೊಡದೆ ಜನರನ್ನು ಬಾವಿಗೇ ಬಿಟ್ಟವರದು. ಎಲ್ಲವೂ ನಿಜ. ಕರಪತ್ರದ ವಿಷಯ ಅದರಲ್ಲಿರಲಿಲ್ಲ. ಮಗುವನ್ನು ಪರೀಕ್ಷಿಸಿದ ವೈದ್ಯರು, ಎಂಥ ನೀರು ಕುಡಿದಿರಿ ಎಂದು ಕೇಳಿದಾಗ ಮುನಿರತ್ನಮ್ಮ ಹೆಮ್ಮೆಯಿಂದ ‘ಕುದಿಸಿದ್ದೇ’ ಎಂದರು. ಅರ್ಧಕ್ಕೆ ಇಳಿಸಿದ್ದೆಂದು ನಾನು ಸೇರಿಸಲಿಲ್ಲ. ಈಗೇನೂ ಕಾಣುತ್ತಿಲ್ಲ, ಮುಂದೆಯೂ ನೋಡುತ್ತಿರಿ ಎಂದರು ವೈದ್ಯರು. ನೋಡುತ್ತಿರುವ ಧೈರ್ಯ ನನಗಿರಲಿಲ್ಲ. ಮಗು ಒಮ್ಮೆ ಕೆಮ್ಮಿದರೆ ಸಾಕು, ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದೆ. ಕ್ರಮೇಣ ಆ ಬೀದಿಗೆ ಹೋಗುವುದನ್ನೇ ಬಿಟ್ಟೆ. ಬೇರೆಡೆ ಕೆಲಸ ಜಾಸ್ತಿಯೆಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಇಂದು ಬೆಳಿಗ್ಗೆ ಕಿಟಕಿ ಮುಚ್ಚಿಯೂ ವಾಸನೆ ಬಂತು. ಪರೀಕ್ಷೆಗೆ ನೀರು ತುಂಬಿಸಿಕೊಳ್ಳಲು ಖಾಲಿ ಬಾಟಲಿ ತೆಗೆದುಕೊಂಡು ಹೋಗಿ ಶಾಹಿದಾ ಆಂಟಿಯ ಬಾಗಿಲು ತಟ್ಟಿದೆ. ಯಾವ ನೀರು ಎಂದು ಕೇಳಿದೆ.

“ಬೋರ್‌ದೇ, ಬೇಟಾ. ಚೆನ್ನಾಗಿ ಕುದಿಸ್ತೀನಿ, ಏನೂ ಆಗಲ್ಲ.”

ಕುದಿಸಿದರೆ ಹೋಗದ ವಿಷಗಳೂ ಇವೆಯೆಂದೂ, ಇಳಿಸಿದಷ್ಟೂ ಅವು ಹೆಚ್ಚುತ್ತವೆಂದೂ, ಪರೀಕ್ಷೆಯಾಗುವವರೆಗೆ ಬಾಣಂತಿಗೆ ಕ್ಯಾನ್ ನೀರು ತರಿಸಿರೆಂದೂ ಹೇಳಿದೆ. ಆಂಟಿ ನನ್ನ ಮುಖವನ್ನೇ ನೋಡಿದರು. “ನಿನಗೆ ಹೇಗೆ ಗೊತ್ತು?”

ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಅವರಿಗಲ್ಲ. ಮನೆಗೆ ಬಂದು ಮುನಿರತ್ನಮ್ಮನ ಹಳೆಯ ನಂಬರಿಗೆ ಫೋನ್ ಮಾಡಿದೆ. ಅದು ರಿಂಗಾಗುತ್ತಿದ್ದಷ್ಟು ಹೊತ್ತೂ, ಮೊಮ್ಮಗನ ಬಗ್ಗೆ ಏನು ಕೇಳಬೇಕಾಗುತ್ತದೋ ಎಂದು ಕಟ್ ಮಾಡುವ ಗುಂಡಿಯ ಮೇಲೇ ಬೆರಳಿಟ್ಟುಕೊಂಡಿದ್ದೆ. ಮುನಿರತ್ನಮ್ಮನೇ ಎತ್ತಿದರು, ಹೆಸರು ಹೇಳುತ್ತಲೇ ಗುರುತು ಹಿಡಿದರು. ಹಿಂದಿನಿಂದ ಒಂದು ಮಗುವಿನ ದನಿ, ‘ಯಾರಜ್ಜಿ?’ ಎಂದಿತು. ನಾನು ಉಸಿರು ಬಿಟ್ಟೆ.

ಅವರು ಆ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು. “ಅವ್ರೇ ಕಣೋ, ನೀರು ಕುದಿಸೋಕೆ ಹೇಳ್ಕೊಟ್ಟು ನಿನ್ನ ಉಳಿಸಿದ ಮೇಡಂ.”

“ಮುನಿರತ್ನಮ್ಮ,” ಎಂದೆ, “ಅದೇ ವಿಷಯ ಮಾತಾಡ್ಬೇಕಿತ್ತು. ಸ್ವಲ್ಪ ಕೂತ್ಕೊಳ್ಳಿ.”